ರೊಟ್ಟಿಯ ಕಾಯಕಕ್ಕೆ ಯಂತ್ರ ಬಂದಾಗ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿರುವ ಶರಣೆಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

'ಉದ್ಯಮದ ಬೆಳವಣಿಗೆಗೆ ಆಧುನಿಕ ತಂತ್ರಜ್ಞಾನ' ಎಂದು ಇವತ್ತಿನ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಾರೆ. ಅಪ್ಪಾಜಿಯವರು ಕರೆಸಿ, ಈ ತಿಂಗಳು ನೀವೇ ಮಾತಾಡಬೇಕು ಎಂದಾಗ ನಾನು ಅಂಜಿದೆ. ನಾನು ಓದಿದ್ದು ಏಳನೆಯ ಇಯತ್ತೆ. ಇಂಜಿನಿಯರಿಂಗ್ ಕಾಲೇಜಿನ ಮಾಸ್ತರರನ್ನು ಕರೆಸಿರಿ ಅಂದೆ. "ಅವರು ಹೇಗೆ ಬೆಳೆಯಬೇಕು ಅಂತ ಹೇಳತಾರ. ನೀವು ಬೆಳೆಯುವಾಗ ಎಲ್ಲಿ ಎಡವಿದಿರಿ ಅಂತ ಹೇಳ್ರಿ" ಅಂದರು. ಎಡವಿದ್ದು ಹೇಳುವುದಕ್ಕೆ ಓದು ಬೇಡವಲ್ಲ, ಹಾಗಾಗಿ ಒಪ್ಪಿಕೊಂಡೆ.

ನಾನು ರೊಟ್ಟಿ ಮಾರಲು ಶುರು ಮಾಡಿದ್ದು ೨೦೦೯ರಲ್ಲಿ. ಯಜಮಾನರು ತೀರಿಕೊಂಡು ಒಂದು ವರ್ಷವಾಗಿತ್ತು, ಮಗ ಇನ್ನೂ ಸಾಲೆಯಲ್ಲಿದ್ದ. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ ಬಡಿದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಮುಚ್ಚಿ ಎರಡು ಖಾನಾವಳಿಗಳಿಗೆ ಕೊಟ್ಟು ಬರುತ್ತಿದ್ದೆ. ಲೆಕ್ಕವೆಂದರೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲ ಗೆರೆ. ನೂರಕ್ಕೆ ಒಂದು ಗೆರೆ. ದೀಪಾವಳಿಗೆ ಸುಣ್ಣ ಹಚ್ಚಿದ ಮಗ ಆ ಗೆರೆಗಳನ್ನೂ ಸೇರಿಸಿ ಹಚ್ಚಿಬಿಟ್ಟ. ಖಾನಾವಳಿಯವರೊಬ್ಬರ ಮೂರು ತಿಂಗಳ ಉದ್ರಿ ಆ ಸುಣ್ಣದ ಕೆಳಗೆ ಹೋಯಿತು. ಅವರು ಹೇಳಿದಷ್ಟನ್ನೇ ಇಸಿದುಕೊಂಡು ಬಂದೆ. ನನ್ನ ಕಡೆ ಬರೆದಿಟ್ಟದ್ದು ಏನೂ ಇರಲಿಲ್ಲ, ಅವರನ್ನು ಬೈದು ಏನು ಮಾಡಲಿ? ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು ಎಂದು ಇದೇ ಸಭಾಭವನದಲ್ಲಿ ಎಷ್ಟು ಸಲ ಕೇಳಿದ್ದೇವೆ. ಲೆಕ್ಕ ಇಡುವುದೂ ಕಾಯಕವೇ ಎಂದು ನನಗೆ ಹೊಳೆದದ್ದು ರೊಕ್ಕ ಕಳೆದುಕೊಂಡ ಮೇಲೆ.

ಸೊಸೆ ಮನೆಗೆ ಬಂದದ್ದು ೨೦೧೯ರಲ್ಲಿ. ಬಿ.ಕಾಂ. ಓದಿದ ಹುಡುಗಿ. ಬಂದ ತಿಂಗಳಲ್ಲೇ ಮೊಬೈಲಿನಲ್ಲಿ ಖಾತೆ ಬರೆಯಲು ಶುರು ಮಾಡಿದಳು. ಯಾರಿಗೆ ಎಷ್ಟು ಕೊಟ್ಟೆವು, ಎಷ್ಟು ಬಂತು, ಎಷ್ಟು ಬಾಕಿ. ಸಂಜೆ ಆರಕ್ಕೆ ಬಾಕಿ ಇದ್ದವರಿಗೆ ಒಂದು ಸಂದೇಶ ಹೋಗುತ್ತಿತ್ತು. ನನಗೆ ಮೊದಲು ನಾಚಿಕೆಯಾಯಿತು. ಮನುಷ್ಯರ ಮುಖ ನೋಡಿ ಕೇಳಬೇಕಾದ್ದನ್ನು ಹೀಗೆ ಚೀಟಿ ಕಳಿಸಿ ಕೇಳುವುದೇ ಎಂದು. ಆದರೆ ಮುಖ ನೋಡಿ ಕೇಳಲು ನನಗೆ ಹತ್ತು ವರ್ಷ ಧೈರ್ಯವೇ ಬಂದಿರಲಿಲ್ಲ ಎನ್ನುವುದೂ ನಿಜ. ಸಂದೇಶ ಹೋದರೆ ಅವರೂ ಬೇಜಾರು ಮಾಡಿಕೊಳ್ಳದೆ ರೊಕ್ಕ ಹಾಕುತ್ತಿದ್ದರು. ಯುಪಿಐ ಬಂದದ್ದು ೨೦೧೬ರಲ್ಲಿ, ನಮ್ಮ ಮನೆಯ ಬಾಗಿಲಿಗೆ ಆ ಕಪ್ಪು ಬಿಳಿ ಚೌಕದ ಚೀಟಿ ಅಂಟಿಸಿದ್ದು ಮೂರು ವರ್ಷ ತಡವಾಗಿ. ಚಿಲ್ಲರೆ ಇಲ್ಲ, ನಾಳೆ ಕೊಡತೀನಿ ಅನ್ನುವ ಮಾತು ಅಂದಿನಿಂದ ಕಡಿಮೆಯಾಯಿತು.

೨೦೨೦ರ ಮಾರ್ಚ್ ೨೫ರಂದು ಲಾಕ್‌ಡೌನ್ ಆಯಿತು. ಖಾನಾವಳಿಗಳು ಬಾಗಿಲು ಹಾಕಿದವು. ನನ್ನ ಜೊತೆ ಆಗ ಐದು ಮಂದಿ ಹೆಣ್ಣುಮಕ್ಕಳು ಬಡಿಯುತ್ತಿದ್ದರು. ಮೆತ್ತನೆಯ ರೊಟ್ಟಿ ಅಂದೇ ಖರ್ಚಾಗಬೇಕು. ಕೊಳ್ಳುವವರಿಲ್ಲದಿದ್ದರೆ ದನಕ್ಕೆ. ಖಡಕ್ ರೊಟ್ಟಿ ಹಾಗಲ್ಲ, ಚೆನ್ನಾಗಿ ಒಣಗಿಸಿ ಗಾಳಿಯಾಡದಂತೆ ಕಟ್ಟಿಟ್ಟರೆ ತಿಂಗಳು ಕೆಡದು. ನಮ್ಮ ಹಿರಿಯರು ಬುತ್ತಿ ಕಟ್ಟಿಕೊಂಡು ಪರಸಿಗೆ ಹೋಗುತ್ತಿದ್ದದ್ದು ಇದರ ಬಲದ ಮೇಲೇ. ಸೊಸೆ ವಾಟ್ಸಾಪ್ ಬಿಸಿನೆಸ್ ಎನ್ನುವುದನ್ನು ತೆರೆದು ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಯ ಬೆಲೆಪಟ್ಟಿ ಹಾಕಿದಳು. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿರುವ ನಮ್ಮ ಕಡೆಯ ಮಂದಿ ಕೇಳಲು ಶುರು ಮಾಡಿದರು. ಬಸ್ಸುಗಳು ಮತ್ತೆ ಓಡಾಡಲು ಹತ್ತಿದ ಮೇಲೆ ಪಾರ್ಸೆಲ್ ಹೋದವು.

ಮೊದಲ ಪಾರ್ಸೆಲ್ಲುಗಳ ಕಥೆ ಕೇಳಬೇಡಿ. ತಲುಪಿದ್ದು ರೊಟ್ಟಿಯಲ್ಲ, ಮುರುಕು. ಗಿರಾಕಿಗಳು ಫೋಟೋ ತೆಗೆದು ಕಳಿಸುತ್ತಿದ್ದರು. ಒಬ್ಬರಂತೂ ಚೂರುಗಳನ್ನು ಬೋಗುಣಿಯಲ್ಲಿ ತುಂಬಿಟ್ಟು, "ಅಕ್ಕಾ, ಇದನ್ನ ಚಮಚಾದಿಂದ ತಿನ್ನಬೇಕೇನು?" ಎಂದು ಬರೆದಿದ್ದರು. ಅವರಿಗೆಲ್ಲ ರೊಕ್ಕ ಮರಳಿ ಹಾಕಿದೆವು. ಆಮೇಲೆ ಒಂದೇ ಅಳತೆಯ ರೊಟ್ಟಿ ಮಾಡಿ, ಅದೇ ಅಳತೆಯ ದುಂಡನೆಯ ರಟ್ಟನ್ನು ಮೇಲೆ ಕೆಳಗೆ ಕೊಟ್ಟು ಅಲುಗಾಡದಂತೆ ಬಿಗಿದು ಕಟ್ಟುವುದನ್ನು ಕಲಿತೆವು. ಒಳಗೆ ಖಾಲಿ ಜಾಗ ಇದ್ದರೆ ಮುರಿಯುತ್ತದೆ, ಒತ್ತಾಗಿದ್ದರೆ ಮುರಿಯುವುದಿಲ್ಲ. ಇದನ್ನು ಕಲಿಸಲು ಯಾವ ಆ್ಯಪೂ ಬರಲಿಲ್ಲ.

ಇನ್ನೊಂದು ಮಾತು. ಸೊಸೆ ಮೊದಲು ಹಾಕಿದ ಫೋಟೋ ನಮ್ಮ ರೊಟ್ಟಿಯದ್ದಾಗಿರಲಿಲ್ಲ. ಎಲ್ಲಿಂದಲೋ ಇಳಿಸಿಕೊಂಡದ್ದು. ಬಾಳೆ ಎಲೆ, ಬೆಣ್ಣೆ, ಹಿಂದೆ ಕಲ್ಲಿನ ಕಂಬ ಬೇರೆ! ನಮ್ಮ ಮನೆಯಲ್ಲಿ ಕಲ್ಲಿನ ಕಂಬ ಎಲ್ಲಿದೆ ತಂಗಿ, ಎಂದೆ. ಅಳಿಸಿ, ನಮ್ಮ ಅಂಗಳದ ಬಿಸಿಲಿನಲ್ಲಿ ನಮ್ಮ ಬುಟ್ಟಿಯನ್ನೇ ಇಟ್ಟು ತೆಗೆದಳು. ಅಂಚು ಸ್ವಲ್ಪ ಸೀದಿದ್ದೂ ಕಾಣುತ್ತದೆ. ಈಗಲೂ ಅದೇ ಇದೆ.

ಇನ್ನು ಅಪ್ಪಾಜಿಯವರು ಹೇಳು ಎಂದ ಸಂಗತಿ.

೨೦೨೨ರಲ್ಲಿ ಕೇಳಿಕೆ ಹೆಚ್ಚಾಯಿತು. ಹನ್ನೊಂದು ಮಂದಿ ಬಡಿದರೂ ಸಾಲದು. ಸಣ್ಣ ಆಹಾರ ಉದ್ಯಮಗಳಿಗೆ ಆಗ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇತ್ತು. ಯಂತ್ರದ ಸಾಲಕ್ಕೆ ಆ ಯೋಜನೆಯಲ್ಲಿ ಶೇಕಡಾ ೩೫ ಸಹಾಯಧನ, ಅದರ ಮೇಲೆ ನಮ್ಮ ರಾಜ್ಯದ್ದು ಹೆಚ್ಚುವರಿಯಾಗಿ ಶೇಕಡಾ ೧೫ ಇತ್ತು. ಮೊದಲು ಒಂದು ಬ್ಯಾಂಕಿನವರು ನನ್ನನ್ನು ಬಾಗಿಲಿನಿಂದಲೇ ಕಳಿಸಿದ್ದರು, ನಿಮ್ಮ ವ್ಯಾಪಾರಕ್ಕೆ ಪುರಾವೆ ಏನು ಎಂದು. ಈಗ ಮೂರು ವರ್ಷದ ಯುಪಿಐ ಜಮಾ ಇರುವ ಪಾಸ್‌ಬುಕ್ಕೇ ಪುರಾವೆಯಾಯಿತು. ಸಾಲ ಸಿಕ್ಕಿತು. ಹಿಟ್ಟನ್ನು ಹಾಳೆಯಂತೆ ಲಟ್ಟಿಸಿ ದುಂಡಗೆ ಕತ್ತರಿಸಿ ಬೇಯಿಸುವ ಯಂತ್ರ ತಂದೆ. ಯಂತ್ರ ಬಂದ ವಾರ ನಾಲ್ಕು ಮಂದಿಗೆ ಇನ್ನು ಬರಬೇಡಿ ಎಂದೆ. ಅದರಲ್ಲಿ ಒಬ್ಬಳು ಮೊದಲ ದಿನದಿಂದ ನನ್ನ ಜೊತೆ ಇದ್ದ ಹಿರಿಯಕ್ಕ.

ಯಂತ್ರಕ್ಕೆ ಜೋಳ ಒಗ್ಗಲಿಲ್ಲ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಅದರಿಂದ ಚಪಾತಿ ಎಳೆದರೂ ಹರಿಯುವುದಿಲ್ಲ. ಜೋಳದಲ್ಲಿ ಅದು ಇಲ್ಲ. ನಾವು ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದುತ್ತೇವಲ್ಲ, ಆ ಬಿಸಿಗೆ ಹಿಟ್ಟು ಅರ್ಧ ಬೆಂದು ಜಿಗಿ ಹಿಡಿಯುತ್ತದೆ. ಕೈಗೆ ಇದು ಗೊತ್ತು. ಯಂತ್ರದ ಉರುಳೆಗೆ ಗೊತ್ತಿಲ್ಲ. ಹಾಳೆ ಹರಿದು ಹರಿದು ಬಿತ್ತು. ಯಂತ್ರ ಮಾರಿದವರನ್ನು ಕೇಳಿದರೆ, "ನಾಲ್ಕು ಪಾಲು ಜೋಳಕ್ಕೆ ಒಂದು ಪಾಲು ಗೋಧಿ ಹಿಟ್ಟು ಹಾಕ್ರಿ, ಎಲ್ಲಾರೂ ಹಂಗೇ ಮಾಡತಾರ" ಎಂದರು. ಹಾಕಿದೆ. ರೊಟ್ಟಿ ದುಂಡಗೆ, ಬೆಳ್ಳಗೆ, ಒಂದೂ ಹರಿಯದೆ ಬಂತು. ಪಾಕೀಟಿನ ಮೇಲೆ ಮಾತ್ರ 'ಶುದ್ಧ ಬಿಳಿಜೋಳದ ರೊಟ್ಟಿ' ಎಂದು ಮೊದಲಿನದ್ದೇ ಚೀಟಿ ಇತ್ತು. ಅದರ ಮೇಲೆ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಯ ನಂಬರೂ ಇತ್ತು. ಸಾವಿರ ಚೀಟಿ ಅಚ್ಚಾಗಿದ್ದವು, ದಂಡ ಮಾಡುವುದೇಕೆ ಎಂದುಕೊಂಡೆ.

ಮೂರು ವಾರದ ಮೇಲೆ ಪುಣೆಯಿಂದ ಒಬ್ಬ ತಾಯಿ ಫೋನ್ ಮಾಡಿದಳು. ಅವಳ ಮಗುವಿಗೆ ಗೋಧಿ ಒಗ್ಗುವುದಿಲ್ಲ, ಡಾಕ್ಟರು ಪೂರ್ತಿ ಬಿಡಿಸಿದ್ದಾರೆ. ಅದಕ್ಕಾಗಿಯೇ ಒಂದು ವರ್ಷದಿಂದ ನಮ್ಮ ರೊಟ್ಟಿ ತರಿಸುತ್ತಿದ್ದಳು. ಈಗ ಮಗುವಿಗೆ ಮತ್ತೆ ಹೊಟ್ಟೆಯ ತೊಂದರೆ. "ಅಮ್ಮಾ, ಹಿಟ್ಟಿನ್ಯಾಗ ಏನರ ಬದಲಾಗೇದ ಏನ್ರಿ?" ಎಂದು ಕೇಳಿದಳು.

ನಾನು ಇಲ್ಲ ಎಂದೆ. ಜೋಳದ್ದೇ ತಾಯಿ, ಎಂದೆ.

ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರಯ್ಯನವರು ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದ ಲಕ್ಕಮ್ಮನವರ ಕಥೆಯನ್ನು ಪ್ರತಿ ವರ್ಷ ಈ ಮಠದ ಪ್ರವಚನದಲ್ಲಿ ಕೇಳುತ್ತೇನೆ. ಎಲ್ಲರ ಜೊತೆ ತಲೆಯಾಡಿಸುತ್ತೇನೆ. ನನ್ನ ಅಡುಗೆಮನೆಗೆ ಗೋಧಿ ಹಿಟ್ಟಿನ ಚೀಲ ಬಂದ ದಿನ ಅವರ ನೆನಪು ನನಗೆ ಬರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತೆ, ಕೈ ನಿಲ್ಲಲಿಲ್ಲ. ಎದ್ದು ಪುಣೆಗೆ ಫೋನ್ ಮಾಡಿ ಇದ್ದದ್ದು ಹೇಳಿದೆ. ಆಕೆ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೇನೇ ಹೇಳಿದ್ರ ನಿನ್ನೆ ರಾತ್ರಿ ಊಟಕ್ಕ ಕೊಡತಿದ್ದಿಲ್ಲ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಯಂತ್ರ ನಿಲ್ಲಿಸಿದೆ. ಸೊಸೆಗೆ ಹೇಳಿ, ಆ ಮೂರು ವಾರದಲ್ಲಿ ರೊಟ್ಟಿ ಕೊಂಡವರಿಗೆಲ್ಲ ವಾಟ್ಸಾಪಿನಲ್ಲಿ ಬರೆಸಿದೆ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕಳಿಸಿದ ರೊಟ್ಟಿಯಲ್ಲಿ ಗೋಧಿ ಇದೆ, ಗೋಧಿ ಒಗ್ಗದವರು ತಿನ್ನಬೇಡಿ, ರೊಕ್ಕ ಮರಳಿಸುತ್ತೇವೆ, ತಪ್ಪು ನಮ್ಮದು. ಯಾರು ಯಾವ ದಿನ ಎಷ್ಟು ಕೊಂಡರು ಎಂಬ ಲೆಕ್ಕ ಫೋನಿನಲ್ಲಿ ಇದ್ದದ್ದಕ್ಕೆ ಒಂದು ತಾಸಿನಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ ಸುದ್ದಿ ಮುಟ್ಟಿತು. ಗೋಡೆಯ ಮೇಲಿನ ಇದ್ದಿಲ ಗೆರೆ ಇದ್ದಿದ್ದರೆ ಯಾರನ್ನು ಹುಡುಕಿಕೊಂಡು ಹೋಗುತ್ತಿದ್ದೆ? ಕೆಲವರು ನಮ್ಮನ್ನು ಬಿಟ್ಟರು, ಇವತ್ತಿಗೂ ಮರಳಿ ಬಂದಿಲ್ಲ. ಪುಣೆಯ ತಾಯಿಯೂ ಬಂದಿಲ್ಲ. ಮಗು ಸುಧಾರಿಸಿಕೊಂಡಿದೆ ಎಂದು ಒಮ್ಮೆ ಸಂದೇಶ ಮಾತ್ರ ಕಳಿಸಿದಳು.

ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಯಂತ್ರ ಮೂಲೆಯಲ್ಲಿ ಅರಿವೆ ಹೊದ್ದು ಕುಳಿತಿತ್ತು. ಆ ದಿನಗಳಲ್ಲೇ ಇಲ್ಲಿ ದಾಸೋಹದಲ್ಲಿ ಪ್ರಸಾದಕ್ಕೆ ಕುಳಿತಾಗ ಎದುರಿನ ಸಾಲಿನಲ್ಲಿ ಹಿರಿಯಕ್ಕ ಕಂಡಳು. ನನ್ನ ಕಡೆ ನೋಡಲಿಲ್ಲ. ಮರುದಿನ ಅವಳ ಮನೆಗೆ ಹೋದೆ. ಕೈಯಿಂದಲೇ ಬಡಿಯುವ ಮೊದಲಿನ ಪದ್ಧತಿಗೆ ಮರಳೋಣ, ನೀನು ಬಾ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. "ಅಕ್ಕಾ, ನಿಮಗ ಬಡಿಯೋ ಸಪ್ಪಳ ಚೆಂದ. ನನಗ ಇಪ್ಪತ್ತು ವರ್ಷದ ರಟ್ಟಿ ನೋವು. ಯಂತ್ರ ಬಂದಾಗ ನಾ ಖುಷಿ ಆಗಿದ್ದೆ. ನೀವು ಯಂತ್ರ ನನ್ನ ಕೈಯಾಗ ಕೊಡತೀರಿ ಅಂತ ತಿಳಿದಿದ್ದೆ, ನನ್ನ ಬಾಗಿಲ ಹೊರಗ ಹಾಕತೀರಿ ಅಂತ ತಿಳಿದಿದ್ದಿಲ್ಲ."

ಶರಣರೇ, ಯಂತ್ರ ಬೇಕೋ ಬೇಡವೋ ಎಂದು ನಮ್ಮಂಥವರು ಸಭೆಗಳಲ್ಲಿ ವಾದ ಮಾಡುತ್ತೇವೆ. ಆ ಕೆಲಸವನ್ನು ಮೈಮುರಿದು ಮಾಡುವವರನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಅವಳೇ ಬಂದು ನೋಡಿದಳು. ಹಿಟ್ಟು ನಾದುವುದೇ ರಟ್ಟೆಯನ್ನು ಹೆಚ್ಚು ಕೊಲ್ಲುವ ಕೆಲಸ, ಅದಕ್ಕೆ ಯಂತ್ರ ತರಿಸಿ ಎಂದಳು. ಎಸರಿನ ಬಿಸಿ ಆರುವ ಮೊದಲೇ ನಾದಬೇಕು, ಬರೀ ಕೈಯಿಂದ ಅಷ್ಟು ಬಿಸಿ ತಡೆಯಲಾಗದು, ಯಂತ್ರ ತಡೆಯುತ್ತದೆ. ಹಾಗೆ ನಾದಿದರೆ ಜಿಗಿ ಇನ್ನೂ ಚೆನ್ನಾಗಿ ಬರುತ್ತದೆ. ಲಟ್ಟಿಸುವ ಉರುಳೆ ಬೇಡ, ಉಂಡೆಯ ಮೇಲೆ ಒತ್ತುವ ಯಂತ್ರ ಸಾಕು. ಒತ್ತಿದರೆ ಎಳೆತ ಇರುವುದಿಲ್ಲ, ಹರಿಯುವುದಿಲ್ಲ. ಹೊಸ ಜೋಳವನ್ನೇ ಬಳಸಬೇಕು, ಹಳೆಯದಾದಷ್ಟೂ ಜಿಗಿ ಕಡಿಮೆ. ನಮ್ಮ ಕಡೆಯ ಮಾಲದಂಡಿ ಜೋಳವಾದರೆ ಎರಡು ಮಾತಿಲ್ಲ. ಹಳೆಯ ಯಂತ್ರವನ್ನು ಚಪಾತಿ ಮಾಡುವವರೊಬ್ಬರಿಗೆ ನಷ್ಟದಲ್ಲಿ ಮಾರಿ, ನಾದುವ ಯಂತ್ರ ಮತ್ತು ಒತ್ತುವ ಯಂತ್ರ ತಂದೆವು. ಒತ್ತುವುದನ್ನು ಈಗ ಹಿರಿಯಕ್ಕ ನಡೆಸುತ್ತಾಳೆ. ಬಿಟ್ಟುಹೋದ ನಾಲ್ವರಲ್ಲಿ ಮೂವರು ಮರಳಿ ಬಂದರು. ಒಬ್ಬಳು ಅಷ್ಟರಲ್ಲಿ ಕೂಲಿಗೆಂದು ಗೋವಾಕ್ಕೆ ಹೋಗಿಬಿಟ್ಟಿದ್ದಳು. ಮೆತ್ತನೆಯ ರೊಟ್ಟಿಯನ್ನು ಇಂದಿಗೂ ಕೈಯಿಂದಲೇ ಬಡಿಯುತ್ತೇವೆ, ಖಡಕ್ ರೊಟ್ಟಿ ಮಾತ್ರ ಯಂತ್ರದ್ದು. ಎರಡನ್ನೂ ಚೀಟಿಯ ಮೇಲೆ ಹಾಗೆಯೇ ಬರೆದಿರುತ್ತೇವೆ.

ಇನ್ನು ಮೋಸದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಒಬ್ಬನು ಫೋನ್ ಮಾಡಿ, ದೊಡ್ಡ ಕ್ಯಾಂಟೀನಿಗೆ ಐದು ನೂರು ರೊಟ್ಟಿ ಬೇಕು, ಮುಂಗಡ ಹಾಕುತ್ತೇನೆ, ನಿಮ್ಮ ಫೋನಿಗೆ ಬಂದದ್ದನ್ನು ಒಪ್ಪಿ ಪಿನ್ ಒತ್ತಿರಿ ಎಂದ. ಒತ್ತಿದೆ. ರೊಕ್ಕ ಬರಲಿಲ್ಲ, ಹೋಯಿತು. ನೆನಪಿಡಿ, ರೊಕ್ಕ ಕೊಡಲು ಪಿನ್ ಬೇಕು, ಇಸಿದುಕೊಳ್ಳಲು ಬೇಡವೇ ಬೇಡ. ಹಾಕಿದ್ದೇನೆ ನೋಡಿ ಎಂದು ಫೋನಿನ ಚಿತ್ರ ತೋರಿಸಿದರೆ ನಂಬಬೇಡಿ, ನಿಮ್ಮ ಪೆಟ್ಟಿಗೆ ಕೂಗಿ ಹೇಳಿದ ಮೇಲೆ ಅಥವಾ ನಿಮ್ಮ ಖಾತೆಯಲ್ಲಿ ಕಂಡ ಮೇಲೆ ಸಾಮಾನು ಕೊಡಿ. ಮೋಸವಾದರೆ ನಾಚಿಕೆಪಟ್ಟು ಕುಳಿತುಕೊಳ್ಳದೆ ಕೂಡಲೇ ೧೯೩೦ಕ್ಕೆ ಫೋನ್ ಮಾಡಿ. ನಾನು ಎರಡು ದಿನ ಮನೆಯಲ್ಲಿ ಹೇಳದೆ ಮುಚ್ಚಿಟ್ಟೆ, ಅಷ್ಟರಲ್ಲಿ ರೊಕ್ಕ ಕೈದಾಟಿತ್ತು.

೨೦೨೫ರ ಜುಲೈ ತಿಂಗಳಲ್ಲಿ ಏನಾಯಿತೆಂದು ಇಲ್ಲಿರುವ ಅಂಗಡಿಕಾರರಿಗೆಲ್ಲ ಗೊತ್ತು. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐನಲ್ಲಿ ಬಂದ ರೊಕ್ಕದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದರು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿ ಬಿದ್ದವು. ನಮ್ಮ ಪೇಟೆಯಲ್ಲೂ ಕೆಲವರು ಕ್ಯೂಆರ್ ಕೋಡ್ ಕಿತ್ತರು. ನನಗೂ ಕೀಳಿರೆಂದು ಬುದ್ಧಿ ಹೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಮಗಳ ಮದುವೆಗೆ ಬೀಗರು ಹಾಕಿದ್ದು, ಹೊಲದ ಸಾಲ, ಕೈಗಡ, ಅಂಗಡಿಯ ರೊಕ್ಕ ಎಲ್ಲವೂ ಒಂದೇ ಖಾತೆಯಲ್ಲಿ ಬಿದ್ದರೆ ನೋಡುವವರಿಗೆ ಎಲ್ಲವೂ ವ್ಯಾಪಾರವಾಗಿಯೇ ಕಾಣುತ್ತದೆ. ಅದಕ್ಕೇ ವ್ಯಾಪಾರಕ್ಕೆ ಬೇರೆ ಖಾತೆ ಇಡಿ. ಸರಕು ಮಾರುವವರಿಗೆ ವರ್ಷದ ವಹಿವಾಟು ೪೦ ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ ೨೦ ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಕಳಿಸುವವರಿಗೆ ಆ ೪೦ ಲಕ್ಷದ ಮಿತಿ ಇಲ್ಲ, ಮೊದಲೇ ನೋಂದಣಿ ಆಗಬೇಕು. ರೊಟ್ಟಿ ಚಪಾತಿಗೆ ೨೦೨೫ರ ಸೆಪ್ಟೆಂಬರ್ ೨೨ರಿಂದ ತೆರಿಗೆಯೇ ಇಲ್ಲ, ನನ್ನ ಚಟ್ನಿಗೆ ಇದೆ, ಮತ್ತು ಅದು ಹೈದರಾಬಾದಿಗೂ ಹೋಗುತ್ತದೆ. ಹಾಗಾಗಿ ನೋಂದಣಿ ಮಾಡಿಸಿದ್ದೇನೆ. ಲೆಕ್ಕದವರಿಗೆ ತಿಂಗಳಿಗೆ ಒಂದಿಷ್ಟು ಖರ್ಚು ಬರುತ್ತದೆ, ನಿಜ. ಹುಸಿಯ ನುಡಿಯಲು ಬೇಡ ಎಂದು ಮಕ್ಕಳಿಗೆ ಕಲಿಸಿ, ನಾವು ಕ್ಯೂಆರ್ ಚೀಟಿಯನ್ನು ಗಲ್ಲೆಯ ಕೆಳಗೆ ಬಚ್ಚಿಡುವುದು ಮಾತ್ರ ನನಗೆ ಸರಿ ಕಾಣಲಿಲ್ಲ.

ಕೂಲಿಯನ್ನೂ ಖಾತೆಗೇ ಹಾಕುತ್ತಿದ್ದೇನೆ. ಇದರಲ್ಲೂ ಒಂದು ತೊಡಕು ಬಂತು. ಇದರಿಂದ ಹೆಣ್ಣುಮಕ್ಕಳ ರೊಕ್ಕ ಅವರ ಹೆಸರಿನಲ್ಲೇ ಉಳಿಯುತ್ತದೆ ಎಂದು ನಾನು ಹಿಗ್ಗಿದ್ದೆ. ಒಬ್ಬಳ ಫೋನೂ ಪಿನ್ನೂ ಎರಡೂ ಗಂಡನ ಕೈಯಲ್ಲಿದ್ದವು. ಮೊದಲು ನಗದು ಕೊಡುವಾಗ ಸೆರಗಿನ ಗಂಟಿನಲ್ಲಿ ಹತ್ತಿಪ್ಪತ್ತು ಉಳಿಯುತ್ತಿತ್ತು, ಈಗ ಅದೂ ಇಲ್ಲ ಎಂದು ಅತ್ತಳು. ಅವಳಿಗೆ ಅಂಚೆ ಕಚೇರಿಯಲ್ಲಿ ಬೇರೆ ಖಾತೆ ತೆಗೆಸಿದೆವು, ಅದು ಯಾವ ಫೋನಿಗೂ ಜೋಡಣೆಯಾಗಿಲ್ಲ. ಅಂಚೆಯ ಪಾಸ್‌ಬುಕ್ಕು ನನ್ನ ಕಪಾಟಿನಲ್ಲಿದೆ, ಅವಳು ಬೇಕಾದಾಗ ಒಯ್ಯುತ್ತಾಳೆ. ಹೊಸ ತಂತ್ರಜ್ಞಾನ ಅಂತ ಕರೆಸಿ, ಪಾಸ್‌ಬುಕ್ಕಿನ ಕಥೆ ಹೇಳುತ್ತಿದ್ದಾಳೆ ಎಂದು ನಗಬೇಡಿ.

ಕಲಬುರಗಿಯಲ್ಲಿ ಜಿಲ್ಲಾಡಳಿತದವರು ರೊಟ್ಟಿ ಮಾಡುವ ಮಹಿಳಾ ಸಂಘಗಳನ್ನೆಲ್ಲ ಕೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ಆನ್‌ಲೈನಿನಲ್ಲೂ ಮಾರುವಂತೆ ಮಾಡಿದ್ದಾರೆ. ಒಬ್ಬೊಬ್ಬರೇ ನೂರು ರೊಟ್ಟಿ ಹೊತ್ತು ತಿರುಗುವುದಕ್ಕಿಂತ ಅದು ವಾಸಿ. ನಮ್ಮ ತಾಲ್ಲೂಕಿನಲ್ಲೂ ಹಾಗೆ ಕೂಡಬಹುದು ಎಂದು ನನ್ನ ಆಸೆ. ಆದರೆ ಕೂಡುವ ಮೊದಲು ಎಲ್ಲರ ಬುಟ್ಟಿಯಲ್ಲೂ ಒಂದೇ ಹಿಟ್ಟು ಇರಬೇಕು. ಅದನ್ನು ಯಾರು ಪರೀಕ್ಷೆ ಮಾಡಬೇಕು, ತಪ್ಪಿದವರಿಗೆ ಯಾರು ಹೇಳಬೇಕು ಎನ್ನುವುದನ್ನು ಮೊದಲು ಕುಳಿತು ಮಾತಾಡೋಣ. ಪರೀಕ್ಷೆಗೆ ನನ್ನ ಬುಟ್ಟಿಯಿಂದಲೇ ಶುರು ಮಾಡಿರಿ.

ಬರುವ ಸೋಮವಾರ ಸಂಜೆ ಐದಕ್ಕೆ, ಮಠದ ಪ್ರಸಾದ ನಿಲಯದ ಪಡಸಾಲೆಯಲ್ಲಿ ನನ್ನ ಸೊಸೆ ಕುಳಿತಿರುತ್ತಾಳೆ. ಹಪ್ಪಳ, ಉಪ್ಪಿನಕಾಯಿ, ಹೊಲಿಗೆ, ಕುಬಸದ ಕಸೂತಿ, ಏನೇ ಮಾಡುವವರಿರಲಿ ಬನ್ನಿರಿ. ಆಧಾರ್, ಪಾಸ್‌ಬುಕ್, ನಿಮ್ಮದೇ ಫೋನ್ ತನ್ನಿರಿ. ಫೋನಿನಲ್ಲಿ ಲೆಕ್ಕ ಬರೆಯುವುದು, ಬೆಲೆಪಟ್ಟಿ ಹಾಕುವುದು, ಆಹಾರ ಪದಾರ್ಥದವರಿಗೆ ನೋಂದಣಿಗೆ ಅರ್ಜಿ ಹಾಕುವುದು, ಇಷ್ಟನ್ನು ತೋರಿಸಿಕೊಡುತ್ತಾಳೆ. ಶುಲ್ಕ ಏನೂ ಇಲ್ಲ. ಪಿನ್ ಮಾತ್ರ ಅವಳಿಗೂ ಹೇಳಬೇಡಿ.